ಅಪ್ಪನ ಲ್ಯಾಮಿನೇಶನ್

ಜುಲೈ ೧೨, ಶನಿವಾರ. ಗುರುಗ್ರಾಮ.

ಮೈಯೆಲ್ಲ ಉರಿಯುತ್ತಿದೆ. ಹೊಸ ಕಂಪ್ಯೂಟರಿಗೆ ನನ್ನ ಹಳೆಯ ಗೇಮ್ ಹಾಕಿದರೆ, ಅದರ ಕೋಡ್ ಆಗಲೇ ಮೂರು ಸಲ ಬಳಕೆಯಾಗಿದೆ, ಇನ್ನು ನಡೆಯದು ಎಂದು ನಿಂತುಬಿಟ್ಟಿತು. ಮೂರು ಸಲವೂ ಬಳಸಿದವಳು ನಾನೇ! ಮೂಲ ಬಿಲ್ಲು ತೋರಿಸದಿದ್ದರೆ ಗೇಮ್ ನಿಮ್ಮದೆಂದು ಒಪ್ಪುವುದಿಲ್ಲ ಎಂದು ಕಂಪನಿಯವರು ಬರೆದಿದ್ದಾರೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ನೋಡಿದ ಅಪ್ಪ ಆ ಬಿಲ್ಲನ್ನೂ ಗೇಮ್ ಕೊಂಡಾಗಲೇ ಲ್ಯಾಮಿನೇಟ್ ಮಾಡಿಸಿದ್ದರು. ಮೆಷಿನ್ನಿನ ಬಿಸಿಗೆ ಕಾಗದವೆಲ್ಲ ಕಪ್ಪಾಗಿ ಒಂದಕ್ಷರವೂ ಕಾಣುವುದಿಲ್ಲ.

ತಮ್ಮ ಕಿಶನ್ ಅದೇ ಗೇಮಿನ ಕದ್ದ ಕಾಪಿ ಇಳಿಸಿಕೊಂಡು ಪಕ್ಕದಲ್ಲೇ ಆಡುತ್ತಿದ್ದಾನೆ. "ದೀದಿ, ದುಡ್ಡು ಕೊಟ್ಟು ತಗೋ ಅಂತ ಯಾರು ಹೇಳಿದ್ದು?" ಅಂತ ನಗು ಬೇರೆ.

ನನ್ನ ವಸ್ತುವಿಗೆ ನಾನೇ ಸಾಕ್ಷಿ ಹುಡುಕಬೇಕೇ? ಅಪ್ಪನಿಗೆ ಫೋನ್ ಮಾಡಿ ಕೂಗಾಡಿದೆ.

"ಗೇಮ್ ನಿಂದೇ ಅಂತ ಅಫಿಡವಿಟ್ ಮಾಡಿಸ್ತೀನಿ ಪುಟ್ಟಿ," ಅಂದರು. "ಲ್ಯಾಮಿನೇಟ್ ಮಾಡಿಸೇ ಕಳಿಸ್ತೀನಿ."