ದಾರಿಮನೆಯಿಂದ ನಾಗವೇಣಿಯವರಿಗೆ

ಲಗ್ಗೆರೆ, ಬೆಂಗಳೂರು
ಹದಿಮೂರನೆಯ ತಿಂಗಳು, 6ನೇ ತಾರೀಕು, 2203

ಶ್ರೀಮತಿ ನಾಗವೇಣಿಯವರಿಗೆ, ತಾರಿಣಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದವನ್ನು ಬಿಸಾಡಬೇಡಿ. ನಿಮಗೂ ನನಗೂ ನೂರ ಎಪ್ಪತ್ತಾರು ವರ್ಷಗಳ ಅಂತರವಿದೆ. ಇಷ್ಟು ಹೊತ್ತಿಗೆ ನಮ್ಮ ಕನ್ನಡ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಹೊಸ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಮನೆಯ ಜಾತಕದ ಪ್ರಕಾರ ನಿಮಗೀಗ ನಲವತ್ತೊಂದು, ನನಗೆ ಮೂವತ್ತೆಂಟು. ಆದ್ದರಿಂದ ನಿಮ್ಮನ್ನು ಅಕ್ಕ ಎಂದೇ ಕರೆಯುತ್ತೇನೆ. ನಿಜವಾದ ಲೆಕ್ಕ ಹಿಡಿದರೆ ಎಷ್ಟು ಸಲ ಅಜ್ಜಿ ಅನ್ನಬೇಕೋ ಗೊತ್ತಿಲ್ಲ.

ಮೊದಲು ಸಂತೋಷದ ಸುದ್ದಿ. ಅಕ್ಕ, ನಾವು ಮನೆ ತೆಗೆದುಕೊಂಡೆವು! ಬೆಂಗಳೂರಿನಲ್ಲಿ, ಸ್ವಂತದ್ದು! ನಿಮ್ಮದೇ ಸೈಟಿನ ಮೇಲೆ, ನೀವು ಮುಂದಿನ ತಿಂಗಳು ಅಡಿಪಾಯ ಹಾಕಲಿರುವ ಆ ಇಪ್ಪತ್ತು ಮೂವತ್ತರ ಜಾಗದಲ್ಲಿ ಕುಳಿತು ಬರೆಯುತ್ತಿದ್ದೇನೆ. ನಮ್ಮ ಕಾಲದಲ್ಲಿ ಪ್ರತಿ ಮನೆಗೂ ಜಾತಕವೆಂಬ ಪುಸ್ತಕವಿರುತ್ತದೆ. ಮೊದಲ ಕಲ್ಲಿನಿಂದ ಇವತ್ತಿನವರೆಗೆ ಯಾರು ಕಟ್ಟಿದರು, ಯಾರು ಕೆಡವಿದರು, ಯಾರು ಮಹಡಿ ಏರಿಸಿದರು ಎಲ್ಲವೂ ಅದರಲ್ಲಿರುತ್ತದೆ. ನಮ್ಮದರ ಮೊದಲ ಪುಟದಲ್ಲಿ ನಿಮ್ಮ ಹೆಸರಿದೆ. ಹನ್ನೆರಡು ವರ್ಷ ಬಾಡಿಗೆ ಮನೆಗಳಲ್ಲಿದ್ದು, ಭಾನುವಾರ ಭಾನುವಾರ ಸ್ಕೂಟರಿನಲ್ಲಿ ಸುತ್ತಿ, ಕೊನೆಗೆ ಕೈಗೆಟುಕಿದ್ದು ಇದೊಂದೇ ಎಂದು ನೀವು ಬರೆಸಿದ್ದೀರಿ. ಅದನ್ನು ಓದಿ ನಾನು ಅತ್ತೆ. ನಮ್ಮ ಕಥೆಯನ್ನೇ ಯಾರೋ ಮೊದಲೇ ಬರೆದಿಟ್ಟಂತಿತ್ತು.

ನಮ್ಮ ಹದಿಮೂರನೆಯ ತಿಂಗಳ ಬಗ್ಗೆ ಹೇಳದಿದ್ದರೆ ನನ್ನ ಸಂತೋಷ ನಿಮಗೆ ಅರ್ಥವಾಗುವುದಿಲ್ಲ. ಇದಕ್ಕೆ ಸಾಮಾನು ತಿಂಗಳು ಎನ್ನುತ್ತಾರೆ, ಇರುವುದು ಹದಿನಾಲ್ಕೇ ದಿನ. ಊರಿನ ಬಾಡಿಗೆದಾರರೆಲ್ಲ ಒಟ್ಟಿಗೆ ಮನೆ ಬದಲಾಯಿಸಲೆಂದು ಪಂಚಾಂಗದಲ್ಲೇ ಜಾಗ ಮಾಡಿಕೊಟ್ಟಿದ್ದಾರೆ. ಶಾಲೆಗೆ ರಜೆ, ಕಚೇರಿಗೆ ರಜೆ, ಬೀದಿಯ ತುಂಬ ಹಾಸಿಗೆ, ಪಾತ್ರೆ, ಬೀರು. ಮದುವೆಯಾದ ಮೇಲೆ ಹದಿನೇಳು ಸಾಮಾನು ತಿಂಗಳು ಕಳೆದಿದ್ದೇವೆ, ಹದಿನೇಳು ಸಲ ಗಂಟು ಕಟ್ಟಿದ್ದೇವೆ. ಮಗಳು ಕುಸುಮೆಗೆ ಒಂಬತ್ತು ವರ್ಷ, ಆಗಲೇ ಐದು ಶಾಲೆ ನೋಡಿದ್ದಾಳೆ. ಈ ಸಲ ಗಂಟು ಕಟ್ಟಿಲ್ಲ. ನಾವು ಮೂವರೂ ಕಿಟಕಿಯಲ್ಲಿ ನಿಂತು ಮಂಡಕ್ಕಿ ತಿನ್ನುತ್ತ ಬೇರೆಯವರ ಬೀರುಗಳು ಹೋಗುವುದನ್ನು ನೋಡಿದೆವು. ಸ್ವಲ್ಪ ಕೆಟ್ಟ ಬುದ್ಧಿ ಅನ್ನಿ, ಆದರೆ ಎಷ್ಟು ಹಿತವಾಗಿತ್ತು! ಆಮೇಲೆ ಗೋಡೆಗೆ ಮೊಳೆ ಹೊಡೆದೆ. ಯಾರನ್ನೂ ಕೇಳದೆ ಹೊಡೆದ ಮೊದಲ ಮೊಳೆ. ನೇತುಹಾಕಲು ಏನೂ ಇರಲಿಲ್ಲ, ಆದರೂ ಇನ್ನೆರಡು ಹೊಡೆದೆ.

ನಾನು ನೆರಳು ಹೊಲಿಯುವವಳು. ಬೇಸಿಗೆಯಲ್ಲಿ ಬೀದಿಗಳ ಮೇಲೆ ಕಟ್ಟುವ ಬಟ್ಟೆಯ ಚಪ್ಪರಗಳನ್ನು ಹೊಲಿದು ಕೊಡುತ್ತೇನೆ. ನನ್ನ ಗಂಡ ಸೋಮಧರ ಮಹಡಿ ಅಡುಗೆಮನೆಯಲ್ಲಿ ಬಾಣಸಿಗ. ನಮ್ಮಲ್ಲಿ ಒಂದೊಂದು ಮಹಡಿಗೂ ಒಂದೇ ಅಡುಗೆಮನೆ, ಎಂಬತ್ತು ಮನೆಯ ಸಾರು ಒಂದೇ ಹಂಡೆಯಲ್ಲಿ ಕುದಿಯುತ್ತದೆ. ಇಬ್ಬರ ದುಡಿಮೆಯಲ್ಲಿ ಉಳಿದದ್ದನ್ನು ಹಿಡಿದುಕೊಂಡು ಎರಡು ವರ್ಷ ಮನೆ ಹುಡುಕಿದೆವು. ನೇತುಮನೆ ನೋಡಿದೆವು, ನಿಮ್ಮ ಕಾಲದ ಮೆಟ್ರೋ ಸೇತುವೆಯ ಹೊಟ್ಟೆಗೆ ತೂಗುಹಾಕಿರುವ ಡಬ್ಬಿಗಳವು. ಕಾಫಿ ಲೋಟ ತಾನಾಗಿ ಮೇಜಿನಿಂದ ಇಳಿಯಿತು, ನಾವೂ ಇಳಿದು ಬಂದೆವು. ಪಾಳಿಮನೆ ನೋಡಿದೆವು. ಅದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ನಮ್ಮದು, ಉಳಿದ ಹೊತ್ತು ಇನ್ನೊಂದು ಸಂಸಾರದ್ದು. ಸೋಮಧರನಿಗೆ ಅದೂ ಒಪ್ಪಿಗೆಯಾಗಿತ್ತು, ಪಾಪ, ಅಷ್ಟು ಸೋತುಹೋಗಿದ್ದ. ಕುಸುಮೆ ಮಾತ್ರ ಸಂಜೆ ಆರರ ಮೇಲೆ ತನ್ನ ಬೆಕ್ಕು ಯಾರದ್ದಾಗುತ್ತದೆ ಎಂದು ಕೇಳಿದಳು. ಅಲ್ಲಿಗೆ ಅದನ್ನು ಬಿಟ್ಟೆವು.

ಕೊನೆಗೆ ಸಿಕ್ಕಿದ್ದು ಈ ದಾರಿಮನೆ. ಎರಡು ಕೋಣೆ, ಸ್ವಂತ ಒಲೆ, ಹಿಂದೆ ಮುಂದೆ ಎರಡೂ ಬೀದಿಗೆ ಬಾಗಿಲು. ಇಷ್ಟಾದರೂ ಬೆಲೆ ಅಕ್ಕಪಕ್ಕದ ಮನೆಗಳ ಕಾಲು ಭಾಗ. ಯಾಕೆಂದರೆ ಇದರ ಹಾಲಿನೊಳಗೆ ದಾರಿ ಇದೆ. ಮುಂದಿನ ಬೀದಿಯವರು ಹಿಂದಿನ ಬೀದಿಗೆ ಹೋಗಬೇಕಾದರೆ ನಮ್ಮ ಹಾಲಿನ ಎಡಗೋಡೆಯ ಪಕ್ಕದಲ್ಲೇ ನಡೆದುಹೋಗಬೇಕು. ಇಲ್ಲವಾದರೆ ಸುತ್ತಿಕೊಂಡು ಮುಕ್ಕಾಲು ಗಂಟೆಯ ನಡಿಗೆ. ದಿನಕ್ಕೆ ಇನ್ನೂರು ಜನಕ್ಕೆ ಕಡಿಮೆಯಿಲ್ಲ. ನಾನು ತಲೆ ಬಾಚಿಕೊಳ್ಳುವಾಗ ಹೋಗುತ್ತಾರೆ, ಊಟಕ್ಕೆ ಕುಳಿತಾಗ ಹೋಗುತ್ತಾರೆ, ಗಂಡ ಹೆಂಡತಿ ಜಗಳವಾಡುವಾಗ ಸ್ವಲ್ಪ ನಿಧಾನವಾಗಿ ಹೋಗುತ್ತಾರೆ. ಬೆಳಿಗ್ಗೆ ಐದರಿಂದ ರಾತ್ರಿ ಎಂಟರವರೆಗೆ ಎರಡೂ ಬಾಗಿಲು ತೆರೆದಿರಬೇಕು. ಇದು ಕಾನೂನು.

ಇನ್ನೊಂದು ಕಾನೂನೂ ಇದೆ. ದಾರಿಮನೆ ಕೊಂಡವರು ಮೊದಲ ಮೂವತ್ತು ದಿನ ಒಪ್ಪಿಗೆ ತಿಂಗಳಲ್ಲಿರುತ್ತಾರೆ. ನಡೆಯುವವರಲ್ಲಿ ಒಬ್ಬರು ತಕರಾರು ಬರೆದುಕೊಟ್ಟು ಮೂವತ್ತನೆಯ ದಿನದೊಳಗೆ ಹಿಂತೆಗೆದುಕೊಳ್ಳದಿದ್ದರೂ ಸಾಕು, ಮಾರಾಟ ರದ್ದು, ಮನೆ ಸಾಲಿನಲ್ಲಿ ಮುಂದಿರುವವರಿಗೆ. ಇದೆಲ್ಲ ಚೆನ್ನಾಗಿ ಗೊತ್ತಿದ್ದೂ ನಮ್ಮ ಸೋಮಧರ ಮೊದಲ ದಿನವೇ ಎಡವಟ್ಟು ಮಾಡಿದ. ಅವನನ್ನು ಬೈಯಲೂ ಮನಸ್ಸು ಬರುವುದಿಲ್ಲ. ಹದಿನೇಳು ವರ್ಷ ಪ್ರತಿ ಬಾಡಿಗೆ ಮನೆಯಲ್ಲೂ ಮಾಲೀಕರು ಮಹಡಿಯಿಂದ ಬಗ್ಗಿ, ನಮ್ಮನ್ನು ನೋಡಲು ಬಂದ ನೆಂಟರನ್ನೆಲ್ಲ ಯಾರು ಬೇಕಿತ್ತು ಎಂದು ಕೇಳುತ್ತಿದ್ದರು. ತನ್ನ ಮನೆಯಾದ ದಿನ ತಾನೂ ಒಮ್ಮೆ ಹಾಗೆ ಕೇಳಬೇಕೆಂಬುದು ಅವನ ಬಹುದಿನದ ಆಸೆ. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲಿಗೆ ಚಿಲಕ ಹಾಕಿ ಒಳಗೆ ನಿಂತುಕೊಂಡ. ಯಾರಾದರೂ ತಟ್ಟಿದಾಗೆಲ್ಲ ಬಾಗಿಲು ಅರ್ಧ ತೆರೆದು ಗಂಭೀರವಾಗಿ, "ಯಾರು ಬೇಕಿತ್ತು?" ಎಂದು ಕೇಳಿದ. ನಾನು ಒಲೆಯ ಮುಂದೆ ನಿಂತು ನಗುತ್ತಿದ್ದೆ. ಹೊರಗೆ ಸಾಲು ಬೆಳೆಯುತ್ತಿದ್ದದ್ದು ಇಬ್ಬರಿಗೂ ತಿಳಿಯಲಿಲ್ಲ.

ಆ ಸಾಲಿನಲ್ಲಿ ದ್ಯಾವಮ್ಮ ನಿಂತಿದ್ದರು. ಅವರು ಹಿಂದಿನ ಬೀದಿಯ ನೀರಗಂಟಿ. ನಾನೂರು ಮನೆಗೆ ನೀರು ಬಿಡುವ ಚಾವಿ ಅವರ ಹೆಗಲ ಮೇಲಿರುತ್ತದೆ, ನೇಗಿಲಷ್ಟು ಉದ್ದದ ಕಬ್ಬಿಣದ್ದು. ನಮ್ಮಲ್ಲಿ ನೀರು ಬರುವುದು ದಿನಕ್ಕೆ ಇಪ್ಪತ್ತೇ ನಿಮಿಷ. ಅವರು ನಮ್ಮ ಬಾಗಿಲಲ್ಲಿ ಇಪ್ಪತ್ತೈದು ನಿಮಿಷ ನಿಂತರು. ಅವತ್ತು ನಾನೂರು ಮನೆಯ ಕೊಡಗಳು ಖಾಲಿ ಉಳಿದವು. ಮಧ್ಯಾಹ್ನಕ್ಕೆ ತಕರಾರಿನ ಚೀಟಿ ನಮ್ಮ ಗೋಡೆಯ ಮೇಲಿತ್ತು. ನನ್ನ ದಾರಿಯಲ್ಲಿ ನಿಂತು ನನ್ನನ್ನೇ ಯಾರು ಬೇಕೆಂದು ಕೇಳಿದರು, ಅಷ್ಟೇ ಬರೆದಿದ್ದರು. ಸೋಮಧರ ಇಸ್ತ್ರಿ ಅಂಗಿಯಲ್ಲೇ ಮೂಲೆ ಹಿಡಿದು ಕುಳಿತ. ಕುಸುಮೆ ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದಳು, ಯಾರೂ ಹೇಳದಿದ್ದರೂ. ನಾನು ಅವನ್ನು ಒಂದೊಂದಾಗಿ ಮತ್ತೆ ಹೊರಗೆ ತೆಗೆದಿಟ್ಟೆ.

ಮರುದಿನದಿಂದ ನಾಲ್ಕೂವರೆಗೇ ಬಾಗಿಲು ತೆರೆದೆವು. ಮಂಚವನ್ನು ಒಳಕೋಣೆಗೆ ತಳ್ಳಿ ದಾರಿ ಅಗಲ ಮಾಡಿದೆವು, ಕುಡಿಯುವವರಿಗೆ ಮಜ್ಜಿಗೆ ಇಟ್ಟೆವು. ಎಲ್ಲರೂ ಕುಡಿದರು. ದ್ಯಾವಮ್ಮ ಮಾತ್ರ ಚಾವಿ ಹೊತ್ತು ನೇರ ನೋಡುತ್ತ ಹೋಗುತ್ತಿದ್ದರು. ಇಪ್ಪತ್ತೆಂಟನೆಯ ದಿನ ಧೈರ್ಯ ಮಾಡಿ ಅವರ ಮನೆಗೇ ಹೋದೆ. ತಪ್ಪಾಯಿತು ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಅಡ್ಡ ಮಾಡಿದರು.

"ತಪ್ಪು ನಿಮ್ಮನೆಯೋರ್ದಲ್ಲ ಬಿಡವ್ವ. ಮೊದ್ಲು ಮನೆ ಪಕ್ಕದ ಆ ಮೂರಡಿ ಸಂದಿ ಮುಚ್ಚಿದ್ರಲ್ಲ, ಅಲ್ಲಿಂದ ಬಂದಿದ್ದು ಇದು. ನಿಮ್ಗೆ ಒಂದು ಹಿಂದಂಚೆ ಕೊಡ್ತಾರಲ್ಲ, ಅದ್ನ ಮೊದ್ಲು ಮನೆ ಕಟ್ಟಿದ ಆಯಮ್ಮಂಗೆ ಬರೀರಿ. ಆ ಮೂರಡಿ ಬಿಡಕ್ಕೇಳಿ. ನನ್ನ ಮೊಮ್ಮಗಳು ಇನ್ನೊಬ್ರ ನಡುಮನೇಲಿ ತಲೆ ತಗ್ಗಿಸ್ಕೊಂಡು ನಡೆಯೋದು ಬ್ಯಾಡ."

ಹಿಂದಂಚೆ ಎಂದರೆ ಇದೇ, ನೀವು ಓದುತ್ತಿರುವ ಕಾಗದ. ಮನೆ ಕೊಂಡವರಿಗೆ ಜೀವಮಾನದಲ್ಲಿ ಒಂದು ಸಲ, ಆ ಮನೆಯ ಹಿಂದಿನ ಯಾರಿಗಾದರೂ ಬರೆಯಲು ಸರ್ಕಾರ ಅವಕಾಶ ಕೊಡುತ್ತದೆ. ಹೆಚ್ಚಿನವರು ನಲ್ಲಿ ಎಲ್ಲಿಡಬೇಕು, ಕಿಟಕಿ ಯಾವ ಕಡೆ ಇರಬೇಕು ಎಂದು ಬರೆಯುತ್ತಾರೆ. ಬರೆದದ್ದರಿಂದ ಏನಾದರೂ ಬದಲಾಗುತ್ತದೆಯೋ ಎಂದು ಕೇಳಿದರೆ ಅಂಚೆಯವರು ನಗುತ್ತಾರೆ. ಬದಲಾದರೆ ಬದಲಾದದ್ದು ನಮಗೆ ನೆನಪಿರುವುದಿಲ್ಲವಂತೆ.

ಸಂದಿಯ ವಿಷಯ ನಿಮ್ಮ ಜಾತಕದಲ್ಲೂ ಇದೆ, ಅಕ್ಕ. ನಿಮ್ಮ ಸೈಟಿನ ಎಡಕ್ಕೆ ಮೂರಡಿ ಸಂದಿ, ಎರಡು ಬೀದಿಗಳ ನಡುವೆ ಉಳಿದಿರುವ ಕೊನೆಯದು. ಅದು ಯಾರದ್ದೂ ಅಲ್ಲ, ಸೇರಿಸಿಕೊಳ್ಳಿ, ಹಾಲು ದೊಡ್ಡದಾಗುತ್ತದೆ ಎಂದು ಮೇಸ್ತ್ರಿ ನಿಮಗೆ ಹೇಳುತ್ತಾರೆ. ನೀವು ಸೇರಿಸಿಕೊಳ್ಳುತ್ತೀರಿ. ಬೈಯಲು ಬರೆಯುತ್ತಿಲ್ಲ, ನನ್ನಾಣೆ. ಮಂಚ ಹಾಕಿದರೆ ಬಾಗಿಲು ತೆರೆಯದಂಥ ಮನೆಗಳಲ್ಲಿ ಹನ್ನೆರಡು ವರ್ಷ ಕಳೆದವರಿಗೆ ಮೂರಡಿ ಎಂದರೇನೆಂದು ನನಗೆ ಗೊತ್ತು. ನಾನಾಗಿದ್ದರೆ ಮೇಸ್ತ್ರಿ ಹೇಳುವ ಮೊದಲೇ ದಾರ ಹಿಡಿದು ನಿಲ್ಲುತ್ತಿದ್ದೆ. ಸಂದಿ ಮುಚ್ಚಿ ನೂರು ವರ್ಷವಾದ ಮೇಲೆ ಜನ ಸುತ್ತಿ ಸುತ್ತಿ ಸಾಕಾಗಿ ನ್ಯಾಯ ಕೇಳಿದರು, ದಾರಿ ನಿಮ್ಮ ಹಾಲಿನೊಳಗೆ ಬಂತು, ಮನೆಯ ಬೆಲೆ ಬಿತ್ತು. ಬಿದ್ದದ್ದರಿಂದಲೇ ಅದು ನಮ್ಮ ಕೈಗೆ ಸಿಕ್ಕಿತು.

ಈಗ ನನ್ನ ಕಷ್ಟ ನಿಮಗೆ ಅರ್ಥವಾಗಿರಬೇಕು. ನೀವು ಸಂದಿ ಬಿಟ್ಟರೆ ಇದು ದಾರಿಮನೆಯಾಗುವುದೇ ಇಲ್ಲ. ಹಾಲು ಮೂರಡಿ ಕಿರಿದಾದರೂ ಬೆಲೆ ನಾಲ್ಕು ಪಟ್ಟು ಇರುತ್ತದೆ, ನಾವು ಅದರ ಹತ್ತಿರವೂ ಸುಳಿಯುವುದಿಲ್ಲ. ದ್ಯಾವಮ್ಮನಿಗೂ ಇದನ್ನೇ ಹೇಳಿದೆ. ಆ ಮನೆ ಕೈಬಿಟ್ಟರೆ ನಮ್ಮ ಗತಿಯೇನು ಎಂದು ಕೇಳಿದೆ. ಅವರು ಹೇಳಿದರು:

"ಗೊತ್ತು ಕಣವ್ವ. ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಕಳ್ಕೊಳೋರು ಕೇಳಿದ್ರೆ ಆಯಮ್ಮ ಕಿವಿಗೆ ಹಾಕ್ಕೊಂತಾಳೆ."

ನಾನು ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಅವರು ಅಲ್ಲೇ ತಕರಾರಿನ ಚೀಟಿ ಹರಿದರು. ಬರೆದದ್ದನ್ನು ತೋರಿಸು ಎನ್ನಲಿಲ್ಲ, ಇನ್ನೊಮ್ಮೆ ಕೇಳಲೂ ಇಲ್ಲ. ಮೂವತ್ತನೆಯ ದಿನ ಮನೆ ನಮ್ಮದಾಯಿತು. ಮಹಡಿ ಅಡುಗೆಮನೆಯಿಂದ ಹೋಳಿಗೆ ಬಂತು, ಇನ್ನೂರು ಜನ ನಡೆಯುತ್ತಲೇ ತಿಂದರು, ಸೋಮಧರ ಕುಣಿಯುವುದೊಂದು ಬಾಕಿ. ಹಿಂದಂಚೆಯ ಲಕೋಟೆಯನ್ನು ಯಾರೂ ತೆರೆಯುವುದಿಲ್ಲ. ಕಿಟಕಿ ಪೂರ್ವಕ್ಕಿಡಿ ಎಂದಷ್ಟೇ ಬರೆದು ಅಂಟಿಸಿದರೂ ಯಾರಿಗೂ ತಿಳಿಯದು. ಎರಡು ಸಲ ಹಾಗೆಯೇ ಬರೆದೆ, ಎರಡು ಸಲವೂ ಹರಿದೆ. ನಿಮ್ಮಿಂದ ಮುಚ್ಚಿಡುವುದಿಲ್ಲ, ಈ ಕಾಗದ ದಾರಿಯಲ್ಲಿ ಎಲ್ಲಾದರೂ ಕಳೆದುಹೋಗಲಿ ಎಂದು ನನ್ನ ಅರ್ಧ ಮನಸ್ಸು ಈಗಲೂ ಬೇಡಿಕೊಳ್ಳುತ್ತಿದೆ.

ಕುಸುಮೆ ಎದುರಿಗೆ ಗೋಡೆಗೆ ಒರಗಿ ತನ್ನ ಎತ್ತರಕ್ಕೆ ಗೀಟು ಎಳೆಯುತ್ತಿದ್ದಾಳೆ. ಮುಂದಿನ ವರ್ಷಗಳ ಗೀಟಿಗೆ ಮೇಲೆ ಬೇಕಾದಷ್ಟು ಜಾಗವಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ. ಅವಳ ಪಕ್ಕದಲ್ಲೇ ದ್ಯಾವಮ್ಮನ ಮೊಮ್ಮಗಳು ಅಂಗಡಿಯಿಂದ ಬಂದವಳು, ನಮ್ಮ ಮನೆಯೊಳಗೆ ಕಣ್ಣು ಹಾಯಿಸಬಾರದೆಂದು ನೆಲ ನೋಡಿಕೊಂಡು ಹೋದಳು. ಹಾಗೆ ನಡೆಯುವುದನ್ನು ಅವಳಿಗೆ ಮನೆಯಲ್ಲಿ ಕಲಿಸಿದ್ದಾರೆ.

ಆ ಮೂರಡಿ ಬಿಡಿ, ಅಕ್ಕ. ಇನ್ನೊಮ್ಮೆ ಯೋಚಿಸಿದರೆ ಕೇಳಲಾರೆನೆಂದು ಈಗಲೇ ಕೇಳಿಬಿಟ್ಟೆ.

ಇಂತಿ,
ಇದನ್ನು ಬರೆಯುವ ಹೊತ್ತಿಗೆ ನಿಮ್ಮ ಮನೆಯವಳಾಗಿರುವ
ತಾರಿಣಿ