ನಮ್ಮ ಆಂಪ್ಲಿ ಮತ್ತೆ ಹಾಡುತ್ತಿದೆ

ಕೋಲಾರ,
ಭಾನುವಾರ ಮಧ್ಯಾಹ್ನ

ಲೇ ಚಂದ್ರು,

ಮೂವತ್ತನಾಲ್ಕು ವರ್ಷ ಮಾತು ಬಿಟ್ಟವನಿಗೆ ‘ಲೇ’ ಎನ್ನುವ ಅಧಿಕಾರ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಮೊದಲು ‘ಪ್ರಿಯ ಮಿತ್ರ ಚಂದ್ರುವಿಗೆ’ ಎಂದು ಬರೆದೆ. ಬ್ಯಾಂಕಿನವರು ಬರೆದ ಹಾಗೆ ಕಂಡಿತು, ಹರಿದು ಹಾಕಿದೆ. ಆಮೇಲೆ ‘ಶ್ರೀಯುತ ಚಂದ್ರು ಅವರಿಗೆ’ ಎಂದು ಬರೆದು ನೋಡಿದೆ. ಅದನ್ನು ಓದಿ ನನಗೇ ನಗು ಬಂತು. ನಿನ್ನನ್ನು ಬೇರೆ ಯಾವ ರೀತಿಯಲ್ಲೂ ಕರೆದು ನನಗೆ ಅಭ್ಯಾಸವಿಲ್ಲ, ಹಾಗಾಗಿ ಇದೇ ಇರಲಿ. ಸಿಟ್ಟು ಬಂದರೆ ಆ ಒಂದು ಪದ ಬಿಟ್ಟು ಮುಂದಕ್ಕೆ ಓದು. ಕಾಗದವನ್ನು ಮಾತ್ರ ಹರಿಯಬೇಡ.

ನಮ್ಮ ಆಂಪ್ಲಿ ಮತ್ತೆ ಹಾಡುತ್ತಿದೆ. ಹೌದು, ಅದೇ ವಾಲ್ವ್ ಆಂಪ್ಲಿಫೈಯರ್. ನಾವಿಬ್ಬರೂ ಸೇರಿ ಕೊಂಡಾಗಲೇ ಅದು ಹಳೆಯ ಮಾಲು. ಮುಂದಿನ ತಗಡಿನ ಮೇಲೆ ಬಿಳಿ ಪೇಂಟಿನಲ್ಲಿ ‘ಅಮರ್–ಚಂದ್ರು ಮೈಕ್ ಸೆಟ್, ಕೋಲಾರ’ ಎಂದು ನೀನೇ ಬರೆದಿದ್ದೆ. ‘ಕೋಲಾರ’ಕ್ಕೆ ಜಾಗ ಸಾಲದೆ ಕೊನೆಯ ‘ರ’ವನ್ನು ಕೆಳಗೆ ಇಳಿಸಿದ್ದೆ. ಆ ‘ರ’ ಇನ್ನೂ ಅಲ್ಲೇ ಇದೆ. ತುಕ್ಕು ಉಜ್ಜುವಾಗ ಅದಕ್ಕೆ ಏನೂ ಆಗದ ಹಾಗೆ ಸುತ್ತಲೂ ಟೇಪು ಅಂಟಿಸಿಕೊಂಡು ಕೆಲಸ ಮಾಡಿದೆ.

ದಿನಾ ಸಂಜೆ ಆರಕ್ಕೆ ಸ್ವಿಚ್ ಹಾಕುತ್ತೇನೆ. ಈಗಿನ ಸೆಟ್ಟುಗಳ ಹಾಗೆ ಒತ್ತಿದ ಕೂಡಲೇ ಕಿರುಚುವ ಬುದ್ಧಿ ಅದಕ್ಕಿಲ್ಲ ಎಂದು ನಿನಗೆ ಗೊತ್ತಲ್ಲ. ಗಾಜಿನ ವಾಲ್ವುಗಳು ಒಂದೊಂದಾಗಿ ಕೆಂಪಗಾಗಬೇಕು, ಕಾಯಬೇಕು, ಧೂಳು ಸುಟ್ಟ ಸಣ್ಣ ವಾಸನೆ ಮನೆ ತುಂಬಬೇಕು. ಅಷ್ಟರಲ್ಲಿ ನಾನು ಕಾಫಿ ಮಾಡಿಕೊಂಡು ಬರುತ್ತೇನೆ. ಬರುವ ಹೊತ್ತಿಗೆ ಅದು ಒಳಗೊಳಗೇ ಗುಂಯ್ಗುಡುತ್ತಿರುತ್ತದೆ. ಹಿಂದಿನ ಹಾಗೆ ಅಗಲ ಬಾಯಿಯ ಹಾರನ್ ಸ್ಪೀಕರ್ ಹಾಕಿಲ್ಲ, ಹಾಕಿದರೆ ಪಕ್ಕದ ಮನೆಯವರು ಪೊಲೀಸರನ್ನು ಕರೆಯುತ್ತಾರೆ. ಬಡಗಿಯ ಹತ್ತಿರ ಒಂದು ಮರದ ಪೆಟ್ಟಿಗೆ ಮಾಡಿಸಿ, ಒಳಗೆ ದೊಡ್ಡ ಸ್ಪೀಕರ್ ಕೂರಿಸಿದ್ದೇನೆ. ಆಮೇಲೆ ಗ್ರಾಮಫೋನ್ ಪ್ಲೇಟು ಇಟ್ಟು, ಮುಳ್ಳು ಇಳಿಸಿ, ಕುರ್ಚಿಯಲ್ಲಿ ಕೂರುತ್ತೇನೆ.

ಮದುವೆಗಳಲ್ಲಿ ಹಾಕುತ್ತಿದ್ದೆವಲ್ಲ, ನಾದಸ್ವರದ ಪ್ಲೇಟು, ಅದನ್ನೇ ಹೆಚ್ಚಾಗಿ ಕೇಳುವುದು. ಸಾವಿರ ಸಲವಾದರೂ ಹಾಕಿರಬಹುದು ನಾವು. ಆದರೆ ಆ ವಿದ್ವಾಂಸರು ಉಸಿರು ಎಳೆದುಕೊಳ್ಳುವ ಸದ್ದು ಅದರಲ್ಲಿದೆ ಎಂದು ನಿನಗೆ ಗೊತ್ತಿತ್ತೇನೋ? ನನಗೆ ಗೊತ್ತಿರಲಿಲ್ಲ. ಒಂದು ಸಾಲು ಮುಗಿಸಿ ಮುಂದಿನದಕ್ಕೆ ಹೋಗುವ ಮೊದಲು, ಮೂಗಿನಲ್ಲಿ ಚೂರು ಗಾಳಿ ಎಳೆದುಕೊಳ್ಳುತ್ತಾರೆ. ತವಿಲು ಬಾರಿಸುವವನು ಒಂದು ಕಡೆ ಮೆಲ್ಲಗೆ ‘ಭೇಷ್’ ಎನ್ನುತ್ತಾನೆ. ಪಕ್ಕದ ಊರಿಗೆ ಕೇಳಬೇಕು ಎಂದು ವಾಲ್ಯೂಮ್ ತಿರುಗಿಸುವುದರಲ್ಲೇ ನಮ್ಮ ಅಷ್ಟೂ ವರ್ಷ ಕಳೆದುಹೋಯಿತು. ಮೊದಲ ದಿನ ಆ ಉಸಿರು ಕೇಳಿಸಿದಾಗ ತಟ್ಟನೆ ಎಡಗಡೆ ತಿರುಗಿ ‘ಕೇಳ್ದ್ಯಾ?’ ಎಂದೆ. ನೀನು ಯಾವಾಗಲೂ ನನ್ನ ಎಡಕ್ಕೆ ಕೂರುತ್ತಿದ್ದೆ. ಅಲ್ಲಿ ಮಡಚದ ಬಟ್ಟೆಯ ರಾಶಿ ಇತ್ತು.

ನನ್ನ ಹೆಂಡತಿ ಮುನಿಲಕ್ಷ್ಮಿ ಹೋಗಿ ಎರಡು ವರ್ಷವಾಯಿತು. ನಿನಗೆ ಸುದ್ದಿ ಮುಟ್ಟಿದೆ, ಗೊತ್ತು. ಹನ್ನೊಂದನೆಯ ದಿನ ಶ್ರೀನಿವಾಸಪುರದಿಂದ ಒಂದು ಬುಟ್ಟಿ ಬಾಳೆಹಣ್ಣು ಬಂತು, ಹೆಸರು ಇರಲಿಲ್ಲ. ಬುಟ್ಟಿಯ ಬಾಯಿಗೆ ಹಾಕಿದ ಗಂಟು ನೋಡಿಯೇ ಗೊತ್ತಾಯಿತು. ಬೊಂಬಿಗೆ ಹಾರನ್ ಕಟ್ಟುವಾಗ ನೀನು ಹಾಕುತ್ತಿದ್ದ ಗಂಟು ಅದು. ಅವಳು ಇದ್ದಷ್ಟು ದಿನವೂ ಅಟ್ಟದ ಕಡೆ ಕೈ ತೋರಿಸಿ, “ಒಂದೋ ಆ ಡಬ್ಬಾನ ಗುಜರಿಗೆ ಹಾಕಿ, ಇಲ್ಲಾಂದ್ರೆ ಹೋಗಿ ಅವರ ಹತ್ರ ಮಾತಾಡಿ. ಎರಡೂ ಮಾಡ್ದೆ ಎಷ್ಟು ದಿನ ಅಂತ ಇಟ್ಕೊಂಡಿರ್ತೀರಾ?” ಎನ್ನುತ್ತಿದ್ದಳು. ನಾನು ಎರಡನ್ನೂ ಮಾಡಲಿಲ್ಲ. ನಮಗೆ ಮಕ್ಕಳೂ ಆಗಲಿಲ್ಲ. ಮೈಕ್ ಸೆಟ್ ಬಿಟ್ಟು ಸೇರಿದ್ದ ಲೈನ್‌ಮನ್ ಕೆಲಸದಿಂದ ರಿಟೈರ್ ಆದ ಮೇಲೆ ಕಂಬ ಹತ್ತುವುದೂ ಇಲ್ಲ. ಮನೆಯಲ್ಲಿ ನಾನೊಬ್ಬನೇ, ಚಂದ್ರು. ಗೋಡೆಗಳಿಗೆ ನನ್ನ ಕೆಮ್ಮು ಬಿಟ್ಟರೆ ಬೇರೆ ಸದ್ದು ಗೊತ್ತಿಲ್ಲದ ಹಾಗಾಗಿತ್ತು. ಅದಕ್ಕೇ ಅಟ್ಟದಿಂದ ಇದನ್ನು ಇಳಿಸಿದ್ದು.

ಎಲ್ಲ ಮೈಕ್ ಸೆಟ್ಟಿನವರೂ ‘ಹಲೋ ಹಲೋ, ಮೈಕ್ ಟೆಸ್ಟಿಂಗ್’ ಎನ್ನುತ್ತಿದ್ದ ಕಾಲದಲ್ಲಿ ನೀನೊಬ್ಬ ಮಾತ್ರ ಹಾಗೆ ಅಂದವನಲ್ಲ. ನಿಮ್ಮ ವಕ್ಕಲೇರಿ ಸುತ್ತ ಯಾವ ಊರಲ್ಲಿ ಮದುವೆಯಿದ್ದರೂ ಒಂದು ಹಾರನ್ನನ್ನು ನಿಮ್ಮೂರಿನ ಕಡೆ ತಿರುಗಿಸಿ ಕಟ್ಟಿ, ಮೈಕ್ ಹಿಡಿದು, “ಅಮ್ಮಾ, ಉಂಡ್ಯಾ?” ಎನ್ನುತ್ತಿದ್ದೆ. ಅದೇ ನಮ್ಮ ಟೆಸ್ಟಿಂಗ್. ಜನ ನಗುತ್ತಿದ್ದರು. ನಿಮ್ಮಮ್ಮ ಮುನಿಯಲ್ಲಮ್ಮ ಹೊಲದಲ್ಲಿ ರಾಗಿ ಕಳೆ ಕೀಳುತ್ತಿದ್ದರೂ ನೆಟ್ಟಗೆ ನಿಂತು, “ಉಂಡೆ ಕಣೋ, ನೀನು ಉಂಡ್ಯಾ?” ಎಂದು ಕೂಗುತ್ತಿದ್ದರಂತೆ. ನಂಗಲಿಯಲ್ಲಿ, ಮಾಲೂರಿನಲ್ಲಿ, ಅವರಿಗೆ ಯಾವ ಕಾರಣಕ್ಕೂ ಕೇಳದಷ್ಟು ದೂರದಲ್ಲಿದ್ದಾಗಲೂ ನೀನು ಅದನ್ನೇ ಕೇಳುತ್ತಿದ್ದೆ. ಕೇಳಿ ಒಂದು ಗಳಿಗೆ ಸುಮ್ಮನಿರುತ್ತಿದ್ದೆ, ಉತ್ತರ ಬರುತ್ತದೆ ಎನ್ನುವ ಹಾಗೆ.

ಇನ್ನು ಆ ದಿನದ ವಿಷಯಕ್ಕೆ ಬರುತ್ತೇನೆ. ಎಲ್ಲವನ್ನೂ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಏಕೆಂದರೆ ಇಷ್ಟು ವರ್ಷ ನಾನು ಅದನ್ನು ನನಗೆ ಬೇಕಾದ ಹಾಗೆ ನೆನಪಿಟ್ಟುಕೊಂಡಿದ್ದೆ.

ನಿನ್ನ ತಂಗಿ ಅನಿತಳ ಮದುವೆ. ನಿಮ್ಮ ಮನೆಯ ಮುಂದೆ ಚಪ್ಪರ. ಹಿಂದಿನ ಸಂಜೆ ಅಂಗಡಿಯಲ್ಲಿ ಆಂಪ್ಲಿಯ ಒಳಗಿನ ಒಂದು ವೈರು ಸಡಿಲವಾಗಿದ್ದನ್ನು ನೋಡಿ ಸಾಲ್ಡ್ರಿಂಗ್ ಮಾಡಿದವನು ನಾನು. ಟ್ರಾನ್ಸ್‌ಫಾರ್ಮರಿನಿಂದ ಹಾರನ್ ಪಾಯಿಂಟಿಗೆ ಬರುವ ವೈರು. ಹೊರಗೆ ಜೀಪಿನವನು ಹಾರ್ನ್ ಬಾರಿಸುತ್ತಿದ್ದ. ಬಿಸಿ ಲೆಡ್ ಬೇಗ ಗಟ್ಟಿಯಾಗಲಿ ಎಂದು ನಾನು ಬಾಯಿಂದ ಊದಿದೆ. ನೀನು ಪ್ಲೇಟುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದವನು ತಲೆಯೆತ್ತಿ, “ಊದ್ಬೇಡ ಕಣೋ, ತಾನಾಗೇ ಆರ್ಲಿ, ಬಿಡು” ಎಂದೆ. “ನೀನು ಮೈಕ್ ಹಿಡ್ಕೊಳೋನು, ಅದನ್ನ ಮಾಡು” ಎಂದೆ ನಾನು. ಕೆಲಸ ಕಲಿಸಲು ಬಂದರೆ ಮೂಗಿನ ತುದಿಗೇ ಕೋಪ ಬರುತ್ತಿತ್ತು ನನಗೆ.

ಬೆಳಿಗ್ಗೆ ನಂಗಲಿಯಿಂದ ಗಂಡಿನ ಕಡೆಯವರ ವ್ಯಾನು ಬಂತು. ಆ ದಿನ ನೀನು ಟೆಸ್ಟಿಂಗ್ ಮಾಡಿರಲಿಲ್ಲ. “ಯಾರ್ನ ಕೇಳ್ಲಿ, ಅಮ್ಮ ಇಲ್ಲೇ ಅವ್ಳಲ್ಲ” ಎಂದು ನಕ್ಕಿದ್ದೆ. ವ್ಯಾನು ನಿಂತ ಕೂಡಲೇ ನೀನು ನಾದಸ್ವರದ ಪ್ಲೇಟು ಹಾಕಿದೆ. ಸದ್ದು ಬರಲಿಲ್ಲ. ವಾಲ್ಯೂಮ್ ಏರಿಸಿದೆ. ಇನ್ನೂ ಏರಿಸಿದೆ. ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಆಂಪ್ಲಿಯಿಂದ ಹೊಗೆ ಎದ್ದಿತು, ನೀನು ಗಾಬರಿಯಾಗಿ ಹಾರನ್ ವೈರು ಕಿತ್ತು ಎಸೆದೆ. ಚಪ್ಪರದ ಆ ತುದಿಯಲ್ಲಿದ್ದ ನಾನು ಓಡಿಬಂದಾಗ ಕಂಡದ್ದು ಕೆಳಗೆ ಬಿದ್ದಿದ್ದ ವೈರು. ಹಾರನ್ ಹಾಕದೆ ವಾಲ್ವ್ ಸೆಟ್ಟನ್ನು ಆನ್ ಮಾಡಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ, ಅದು ನಮ್ಮ ಕಸುಬಿನ ಮೊದಲ ಪಾಠ. ನೀನು, “ಹಾಕಿದ್ದೆ ಕಣೋ, ಹೊಗೆ ಬಂದಾಗ ಕಿತ್ತೆ” ಎಂದೆ. ನಾನು ನಂಬಲಿಲ್ಲ. ಗಂಡಿನವರು, ಹೆಣ್ಣಿನವರು, ಇಡೀ ಊರು ನಿಂತು ನೋಡುತ್ತಿರುವಾಗ, “ಏನ್ಲಾ, ಬೆಳಿಗ್ಗೇನೇ ಕುಡ್ಕೊಂಡು ಬಂದಿದ್ಯಾ?” ಎಂದೆ.

ನೀನು ಜೀವಮಾನದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ, ಸಿಟ್ಟಿಗೆ ಬಾಯಿಗೆ ಬಂದದ್ದನ್ನು ಅಂದೆ. ನೀನು ಕೈಯಲ್ಲಿದ್ದ ಮೈಕನ್ನು ಟವೆಲಿನಲ್ಲಿ ಸುತ್ತಿ ನನ್ನ ಮುಂದಿಟ್ಟು, ಅಡಿಗೆಯವರ ಕಡೆ ಹೋಗಿ ನೀರು ಸೇದತೊಡಗಿದೆ. ಮಾರನೆಯ ದಿನದಿಂದ ಅಂಗಡಿಗೆ ಬರಲಿಲ್ಲ. ನಾನು ಕರೆಯಲು ಬರಲಿಲ್ಲ. ಅಷ್ಟೇ ನಮ್ಮ ಕಥೆ.

ಹನ್ನೆರಡು ವರ್ಷದ ಹಿಂದೆ ಒಮ್ಮೆ ಶ್ರೀನಿವಾಸಪುರದ ಮಾವಿನ ಮಂಡಿಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ಹರಾಜು ಕೂಗುವವನು ನೀನೇ ಎಂದು ಯಾರೋ ಹೇಳಿದ್ದರು. ಲಾರಿಯ ಹಿಂದೆ ನಿಂತುಕೊಂಡು ಕೇಳಿದೆ. ಉಳಿದ ಮಂಡಿಗಳಲ್ಲೆಲ್ಲ ಕೈಯಲ್ಲಿ ಮೈಕ್ ಹಿಡಿದು ಕೂಗುತ್ತಿದ್ದರು. ನೀನೊಬ್ಬನೇ ಬರೀ ಗಂಟಲಲ್ಲಿ, ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಿದ್ದೆ. ದನಿ ಒಡೆದುಹೋಗಿತ್ತು. “ಅಯ್ಯೋ, ನಮ್ ಚಂದ್ರಣ್ಣ ಮೈಕ್ ಮುಟ್ಟಲ್ಲ ಸಾರ್, ಏನು ಹರಕೆನೋ ಏನೋ” ಎಂದ ಪಕ್ಕದ ಹಮಾಲಿ. ಒಂದು ಹಣ್ಣನ್ನೂ ಕೊಳ್ಳದೆ ಬಸ್ಸು ಹತ್ತಿದೆ. ಆದರೂ ಆಗ ನನ್ನ ಮನಸ್ಸಿನಲ್ಲಿ, ತಪ್ಪು ಮಾಡಿದವನು ಇವನು, ಸೆಡವು ನೋಡು ಎಂತಹುದು ಎಂದೇ ಇತ್ತು. ಮರುವರ್ಷ ಮುನಿಯಲ್ಲಮ್ಮ ತೀರಿಕೊಂಡರು. ನನಗೆ ಎಷ್ಟೋ ಸಲ ಮುದ್ದೆ ಬಡಿಸಿದ ತಾಯಿ. ನಾನು ಮಣ್ಣಿಗೂ ಬರಲಿಲ್ಲ.

ಈಗ ಹೇಳುತ್ತೇನೆ, ಕೇಳು. ಎರಡು ತಿಂಗಳ ಹಿಂದೆ ಆಂಪ್ಲಿಯನ್ನು ಕೋದಂಡರಾಮಪ್ಪನ ಹತ್ತಿರ ತೆಗೆದುಕೊಂಡು ಹೋದೆ. ಬೋರ್‌ವೆಲ್ ಮೋಟರು ವೈಂಡಿಂಗ್ ಮಾಡುವವನು, ಕೈ ಬಲು ಚೊಕ್ಕ. ಸುಟ್ಟ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುತ್ತೇನೆ ಎಂದು ತಳ ಬಿಚ್ಚಿದವನು ಕನ್ನಡಕ ಸರಿ ಮಾಡಿಕೊಂಡು, “ಅಮರಣ್ಣಾ, ಈ ಜಾಯಿಂಟ್ ಯಾರು ಮಾಡಿದ್ದು? ಊದಿ ಆರ್ಸವ್ರೆ ನೋಡಿ. ಮೇಲೆ ಹಿಡ್ಕೊಂಡಂಗೆ ಕಾಣ್ತದೆ, ಒಳಗೆ ಹಿಡ್ದೇ ಇಲ್ಲ. ಜೀಪು ಕುಲುಕಿದ್ರೆ ಸಾಕು, ಬಿಟ್ಕೊಂಡಿರ್ತದೆ. ಹೊರಗೆ ನೀವು ಹತ್ತು ಹಾರನ್ ಹಾಕಿದ್ರೂ ಅವಕ್ಕೆ ಕರೆಂಟೇ ಹೋಗಿರಲ್ಲ, ಹಾರನ್ ಇಲ್ದಿದ್ದಂಗೇ ಲೆಕ್ಕ. ಅದಕ್ಕೇ ಸುಟ್ಟಿರೋದು” ಎಂದ. ಅವನು ವೈರು ಮುಟ್ಟಿದ ಕೂಡಲೇ ಅದು ಕಳಚಿ ಬಂತು. ಲೆಡ್ಡು ಹೊಳಪಿಲ್ಲದೆ ಬೂದಿ ಬಣ್ಣಕ್ಕೆ ತಿರುಗಿತ್ತು.

ನಾನು ಏನು ಹೇಳಿದೆ ಗೊತ್ತಾ? “ಯಾರೋ ಗೊತ್ತಿಲ್ಲಪ್ಪ, ಹಳೇ ಕಾಲದ್ದು” ಎಂದೆ. ಈ ವಯಸ್ಸಿನಲ್ಲಿ, ಸಂಬಂಧವೇ ಇಲ್ಲದವನ ಮುಂದೆ ಸುಳ್ಳು ಹೇಳಿದೆ. ಮನೆಗೆ ಬಂದು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ. ಯಾರೂ ಇಲ್ಲದ ಮನೆಯಲ್ಲಿ ನಲ್ಲಿ ಏಕೆ ತಿರುಗಿಸಿದೆ ಎಂದು ಕೇಳಬೇಡ.

ಹೋದ ವಾರ ಅನಿತ ಬಂದಿದ್ದಳು, ಮಗಳ ಲಗ್ನಪತ್ರಿಕೆ ಹಿಡಿದುಕೊಂಡು. ಕಾಫಿ ಕುಡಿಯುತ್ತಾ, “ಅಮರಣ್ಣಾ, ನಮ್ಮಣ್ಣ ಮದುವೆಗೆ ಬಂದ್ರೂ ಮೂಲೇಲಿ ಕೂತು ಉಂಡು ಎದ್ದೋಗ್ತಾನೆ. ನಮ್ಮ ಮಾವ ಈವತ್ತಿಗೂ ತಾಗುಬೋತು ಅಂತಾರೆ ಅವನ್ನ” ಎಂದಳು. ನಂಗಲಿಯವರ ತೆಲುಗಿನಲ್ಲಿ ಕುಡುಕನಿಗೆ ಅನ್ನುವ ಮಾತು. ನಾನು ಒಮ್ಮೆ ಅಂದು ಮರೆತದ್ದನ್ನು ಅವಳ ಮಾವ ಸೊಣ್ಣಪ್ಪನವರು ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಸೊಸೆಗೆ ಬುದ್ಧಿ ಹೇಳಬೇಕಾದಾಗಲೆಲ್ಲ ಅದನ್ನು ತೆಗೆಯುತ್ತಾರಂತೆ. ನಾನು ಅವಳ ಮುಂದೆ ಬಾಯಿ ಬಿಡಲಿಲ್ಲ. ಮೊದಲು ನಿನಗೆ ಹೇಳಬೇಕಿತ್ತು.

ತಪ್ಪು ನನ್ನದು, ಚಂದ್ರು. ನೀನು ವೈರು ಹಾಕಿದ್ದೆ. ನೀನು ಹೇಳಿದ್ದೆಲ್ಲ ನಿಜ. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಅಷ್ಟು ಜನರ ಮುಂದೆ ಅಂದದ್ದನ್ನು ಒಂದು ಕಾಗದದಲ್ಲಿ ವಾಪಸು ತೆಗೆದುಕೊಳ್ಳಲಾಗುವುದಿಲ್ಲ. ಬರುವ ತಿಂಗಳ ಮದುವೆಗೆ ನಂಗಲಿಯ ಛತ್ರಕ್ಕೆ ನಮ್ಮ ಆಂಪ್ಲಿಯನ್ನು ತರುತ್ತೇನೆ. ಸೊಣ್ಣಪ್ಪನವರಿಗೆ ತೊಂಬತ್ತು ಹತ್ತಿರ, ಕಿವಿ ಮಂದ. ಅವರಿಗೆ ಮೈಕಿನಲ್ಲೇ ಹೇಳಬೇಕು. ನಾನು ಹೇಳುತ್ತೇನೆ, ಇಂಥ ದಿನ, ಇಂಥ ಕಡೆ, ಊದಿದವನು ನಾನು ಎಂದು. ನೀನು ಬೇಡ ಎಂದರೆ ಮೈಕು ಬಿಟ್ಟು ಅವರ ಕಿವಿಯ ಹತ್ತಿರ ಬಗ್ಗಿ ಹೇಳುತ್ತೇನೆ. ನೀನು ಬರದಿದ್ದರೂ ಹೇಳುತ್ತೇನೆ. ಆದರೆ ಬಾ. ಬಂದು ಸ್ವಿಚ್ ಹಾಕುವವನು ನೀನಾಗಬೇಕು. ಆ ಜಾಯಿಂಟನ್ನು ನಾನೇ ಹೊಸದಾಗಿ ಮಾಡಿದ್ದೇನೆ. ಊದಲಿಲ್ಲ. ಕೈಕಟ್ಟಿ ಕೂತೆ, ತಾನಾಗೇ ಆರಿತು.

ನೀನು ಟವೆಲಿನಲ್ಲಿ ಸುತ್ತಿಟ್ಟ ಮೈಕು ಆ ಟವೆಲಿನಲ್ಲೇ ಇತ್ತು. ನಿನ್ನೆ ಸಂಜೆ ಬಿಚ್ಚಿ ಆಂಪ್ಲಿಗೆ ಹಾಕಿದೆ. ವಾಲ್ವು ಕಾಯಲು ಬಿಟ್ಟು, ಏನು ಹೇಳುವುದು ಎಂದು ಯೋಚಿಸುತ್ತಾ ಕೂತಿದ್ದೆ. ‘ಹಲೋ’ ಬಾಯಿಗೆ ಬರಲಿಲ್ಲ. “ಅಮ್ಮಾ, ಉಂಡ್ಯಾ?” ಎಂದುಬಿಟ್ಟೆ. ನನ್ನದೇ ದನಿ ಮನೆಯೆಲ್ಲ ಸುತ್ತಿ ಬಂತು. ನೀನು ಮಾಡುತ್ತಿದ್ದ ಹಾಗೆ ಒಂದು ಗಳಿಗೆ ಸುಮ್ಮನೆ ಕಾದೆ. ನಾನು ನಿನ್ನೆ ಅನ್ನಕ್ಕೇ ಇಟ್ಟಿರಲಿಲ್ಲ. ನನ್ನನ್ನು ಆ ಮಾತು ಕೇಳುವವರು ಈಗ ಯಾರೂ ಇಲ್ಲ ಎಂದು ಆಗಲೇ ಗೊತ್ತಾದದ್ದು. ಎದ್ದು ಒಲೆ ಹಚ್ಚಿದೆ.

ಗಂಟಲು ನೋಡಿಕೋ, ಬಿಸಿನೀರು ಕುಡಿ. ಹೊತ್ತಿಗೆ ಸರಿಯಾಗಿ ಉಣ್ಣು. ಮುನಿಯಲ್ಲಮ್ಮನ ಆಶೀರ್ವಾದ ನಿನ್ನ ಮೇಲಿರಲಿ, ಉಳಿದರೆ ನನಗೂ ಚೂರು ಸಿಗಲಿ. ಹಾರನ್ನನ್ನು ಯಾವ ದಿಕ್ಕಿಗೆ ತಿರುಗಿಸಿ ಕಟ್ಟಬೇಕು ಎಂದು ನೀನು ಬಂದು ಹೇಳುವ ತನಕ ನಾನು ಕಟ್ಟುವುದಿಲ್ಲ.

ಚಂದ್ರು, ಉಂಡ್ಯಾ?

ನಿನ್ನ ಬಲಕ್ಕೆ ಕೂರುತ್ತಿದ್ದ
ಅಮರನಾಥ್