ಮೀಸೆಯನ್ನು ಇವತ್ತು ಮುಟ್ಟಬೇಡ

ತಮ್ಮಾ,

ಚಳಿ ಇಳಿಯಿತು ನೋಡು, ಹಸುಗಳು ಒಂದರ ಹಿಂದೊಂದು ಕರು ಹಾಕುತ್ತಿವೆ. ಕರಿ ಹಸುವಿಗೆ ನೋವು ಶುರುವಾಗಿದೆ ಎಂದು ಕೊಟ್ಟಿಗೆಯಿಂದ ಯಜಮಾನರ ಫೋನು ಬಂತು. ನೀನು ಬೇಕರಿಯ ರಾತ್ರಿ ಪಾಳಿ ಮುಗಿಸಿ ಬರುವವರೆಗೆ ಕಾಯಲಾಗಲಿಲ್ಲ.

ನಿನ್ನೆ ಸಂಜೆ ನೀನು ಹೊರಟ ಹಿಂದೆಯೇ ಅಂಚೆಯವನು ಬಂದ. ಈ ದೇಶದಲ್ಲಿ ನಾವು ಮೊದಲಿದ್ದ ಊರಿನ ತೆರಿಗೆ ಕಚೇರಿಯವರು ನಿನ್ನ ಆದಾಯದ ಪತ್ರ, ತೆರಿಗೆ ಕಟ್ಟಿದ ಪತ್ರ ಎರಡನ್ನೂ ಕಳಿಸಿದ್ದಾರೆ! ಬಾಕಿ ಏನೂ ಇಲ್ಲವಂತೆ. ಕೆಲಸ ಬದಲಿಸಿದಾಗ ಸಂಬಳದಲ್ಲಿ ಮುರಿದುಕೊಳ್ಳದೆ ಬಿಟ್ಟ ತೆರಿಗೆಯನ್ನು ನೀನೇ ಹೋಗಿ ಕಟ್ಟು ಎಂದು ಕಿವಿ ಹಿಂಡಿದ್ದೆನಲ್ಲ? "ಬಿಡಕ್ಕಾ, ಅದನ್ನೆಲ್ಲ ಯಾರು ನೋಡ್ತಾರೆ" ಅಂದಿದ್ದೆ. ನೋಡಿದ್ದಾರೆ ಕಣೋ.

ಆ ಎರಡು ಪತ್ರಗಳೂ ವೀಸಾ ಅರ್ಜಿ, ಪಾಸ್‌ಪೋರ್ಟಿನ ಜೊತೆ ನೀಲಿ ಚೀಲದಲ್ಲಿವೆ. ಬಂದವನೇ ಮಲಗಿಬಿಡಬೇಡ. ಕೆಲಸದ ವೀಸಾ ಮುಂದುವರಿಸಲು ಇವತ್ತೇ ಕೊನೆ ದಿನ, ವೀಸಾ ಕಚೇರಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ತಪ್ಪಿದರೆ ನೀನು ಗಂಟುಮೂಟೆ ಕಟ್ಟಬೇಕಾಗುತ್ತದೆ. ಹಿಟ್ಟು ಮೆತ್ತಿದ ಅಂಗಿ ಬದಲಿಸು. ಸೈಕಲ್ಲಿಗೆ ಗಾಳಿ ಹೊಡೆದಿದ್ದೇನೆ.

ಇನ್ನು ನಮ್ಮ ಪಂದ್ಯ. "ಆ ಕಾಗದ ಹೊತ್ತಿಗೆ ಸರಿಯಾಗಿ ಬಂದ್ರೆ ಮೀಸೆ ಬೋಳಿಸ್ತೀನಿ" ಎಂದು ನೀನು ಎದೆ ತಟ್ಟಿಕೊಂಡಿದ್ದೆ. ಇವತ್ತು ಮಾತ್ರ ಅದನ್ನು ಮುಟ್ಟಬೇಡ ಮಹಾರಾಯ. ಅರ್ಜಿಗೆ ಅಂಟಿಸಿದ ಫೋಟೋದಲ್ಲಿ ನಿನ್ನ ಮುಖಕ್ಕಿಂತ ಮೀಸೆಯೇ ಮುಂದಿದೆ, ಕಿಟಕಿಯಲ್ಲಿ ಕೂತವಳು ಗುರುತು ಹಿಡಿಯಬೇಕಲ್ಲ! ಹೊಸ ವೀಸಾ ಕೈಗೆ ಬಂದ ಸಂಜೆಯೇ ಆ ಸಾಲ ವಸೂಲು ಮಾಡುತ್ತೇನೆ.

ನಿನ್ನ ಅವಸರ ನನಗೆ ಗೊತ್ತು. ಕತ್ತರಿ, ಬ್ಲೇಡು ಎರಡನ್ನೂ ನನ್ನ ಜೊತೆ ಕೊಟ್ಟಿಗೆಗೆ ಒಯ್ದಿದ್ದೇನೆ.

ಅಕ್ಕ